ಹಳೆಯ ಲ್ಯಾಪ್‌ಟಾಪಿನಲ್ಲಿ ಗೇಮ್ ಬಾಯ್‌ನಿಂದ ಪಿಎಸ್‌ಪಿವರೆಗೆ: ಆಟ ಓಡಬೇಕು, ಸೇವ್ ಉಳಿಯಬೇಕು

ಜಾತ್ರೆಯ ಆಟಿಕೆ ಅಂಗಡಿಯಲ್ಲಿ ‘9999 ಇನ್ 1’ ಎಂದು ಬರೆಸಿಕೊಂಡು ನೇತಾಡುವ ಬ್ರಿಕ್ ಗೇಮ್ ಬೇರೆ, ಗೇಮ್ ಬಾಯ್ ಬೇರೆ. ಚಿಕ್ಕಂದಿನಲ್ಲಿ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲೋ ಬಾದಾಮಿಯ ಬನಶಂಕರಿ ಜಾತ್ರೆಯಲ್ಲೋ ಕೊಂಡ ಆಟವೇ ಈಗ ಕಂಪ್ಯೂಟರಿನಲ್ಲಿ ಬೇಕು ಎಂದು ಹುಡುಕುವವರು ಮೊದಲು ಎಡವುವುದು ಇಲ್ಲೇ. ಬ್ರಿಕ್ ಗೇಮಿನ ಪರದೆಯ ಮೇಲಿನ ಚೌಕಗಳು ಕಾರ್ಖಾನೆಯಲ್ಲೇ ಅಚ್ಚಾಗಿರುತ್ತವೆ. ಅದರಲ್ಲಿ ಕಾರ್ಟ್ರಿಜ್, ಅಂದರೆ ಆಟ ತುಂಬಿದ, ತೆಗೆದು ಹಾಕುವ ಪುಟ್ಟ ಡಬ್ಬಿ, ಎನ್ನುವುದೇ ಇಲ್ಲ, ಆಟ ಬದಲಿಸುವ ಮಾತೂ ಇಲ್ಲ. ಅಂಗೈಯಗಲದ ‘400 ಇನ್ 1’ ಡಬ್ಬಿಗಳ ಒಳಗಿರುವುದು ಟಿವಿಗೆ ಜೋಡಿಸಿ ಆಡುತ್ತಿದ್ದ ಎನ್‌ಇಎಸ್ ಕನ್ಸೋಲಿನ ನಕಲು. ಇಲ್ಲಿ ಹೇಳುತ್ತಿರುವುದು ಅವೆರಡನ್ನೂ ಬಿಟ್ಟು, ಆಟವನ್ನು ಹೊರಗಿನಿಂದ ತುರುಕುವ ಕೈ-ಕನ್ಸೋಲುಗಳ ಬಗ್ಗೆ: ಗೇಮ್ ಬಾಯ್ (1989), ಗೇಮ್ ಬಾಯ್ ಕಲರ್ (1998), ಗೇಮ್ ಬಾಯ್ ಅಡ್ವಾನ್ಸ್ (2001), ನಿಂಟೆಂಡೊ ಡಿಎಸ್ (2004) ಮತ್ತು ಸೋನಿಯ ಪಿಎಸ್‌ಪಿ (2004).

ಎಮ್ಯುಲೇಟರ್, ಅಂದರೆ ಕನ್ಸೋಲಿನ ಹಾಗೆ ನಟಿಸಿ ಅದರ ಆಟವನ್ನು ಕಂಪ್ಯೂಟರಿನಲ್ಲಿ ಓಡಿಸುವ ಸಾಫ್ಟ್‌ವೇರ್, ಇಳಿಸಿ ಆಟ ಚಾಲೂ ಮಾಡುವುದು ಹತ್ತು ನಿಮಿಷದ ಕೆಲಸ. ನಲವತ್ತು ತಾಸು ಆಡಿ ಕೂಡಿಟ್ಟ ಸೇವ್ (ಆಟ ಎಲ್ಲಿವರೆಗೆ ಬಂತು ಎಂಬುದರ ದಾಖಲೆ) ಒಂದು ಸಂಜೆ ಮಾಯವಾಗದಂತೆ ಕಾಯುವುದೇ ಖರೆ ಕೆಲಸ. ಅದಕ್ಕೇ ಈ ಬರಹದಲ್ಲಿ ಸೇವ್‌ಗೆ ಹೆಚ್ಚು ಜಾಗ, ಉಳಿದದ್ದಕ್ಕೆ ಬೇಕಾದಷ್ಟು.

ಯಾವ ಕನ್ಸೋಲಿಗೆ ಯಾವ ಸಾಫ್ಟ್‌ವೇರ್

ಗೇಮ್ ಬಾಯ್, ಕಲರ್, ಅಡ್ವಾನ್ಸ್ ಮೂರಕ್ಕೂ ಎಂಜಿಬಿಎ ಒಂದೇ ಸಾಕು. ಡಿಎಸ್‌ಗೆ ಮೆಲಾನ್‌ಡಿಎಸ್, ಪಿಎಸ್‌ಪಿಗೆ ಪಿಪಿಎಸ್‌ಎಸ್‌ಪಿಪಿ. ಮೂರೂ ಪುಕ್ಕಟೆ, ಮೂರರ ಮೂಲ ಸಂಕೇತವೂ ಬಹಿರಂಗ. ಪಿಪಿಎಸ್‌ಎಸ್‌ಪಿಪಿಗೆ ‘ಗೋಲ್ಡ್’ ಎಂಬ ದುಡ್ಡಿನ ಆವೃತ್ತಿ ಇದೆಯಲ್ಲ, ಅದು ತಯಾರಕರಿಗೆ ಕೊಡುವ ಬೆಂಬಲ ಅಷ್ಟೇ. ಪುಕ್ಕಟೆಯದೂ ಅದೇ ಆಟವನ್ನು ಅಷ್ಟೇ ಚೆನ್ನಾಗಿ ಓಡಿಸುತ್ತದೆ.

ರೆಟ್ರೋಆರ್ಚ್ ಎಲ್ಲವನ್ನೂ ಒಂದೇ ಸೂರಿನಡಿ ತರುತ್ತದೆ ನಿಜ. ಆದರೆ ಅದರ ಮೆನು ಮೊದಲ ಸಲದವರನ್ನು ಸುತ್ತಾಡಿಸಿ ಸುಸ್ತು ಮಾಡುತ್ತದೆ. ಬಿಡಿಬಿಡಿಯಾಗಿ ಕಲಿತ ಮೇಲೆ ಅತ್ತ ಹೋಗಿ. 2004ರ ಸುಮಾರಿಗೆ ನಿಂತುಹೋದ ಹಳೆಯ ವಿಷುಯಲ್‌ಬಾಯ್‌ಅಡ್ವಾನ್ಸ್ ಇನ್ನೂ ಎಷ್ಟೋ ಪೆನ್‌ಡ್ರೈವ್‌ಗಳಲ್ಲಿ ಕೈಯಿಂದ ಕೈಗೆ ದಾಟುತ್ತಿದೆ. ಅದನ್ನು ಮಾತ್ರ ಬಳಸಬೇಡಿ, ಕಾರಣ ಮುಂದೆ ಬರುತ್ತದೆ. ಡಿಎಸ್‌ನ ನಂತರ ಬಂದ 3ಡಿಎಸ್‌ಗೆ ಸಿಟ್ರಾ ಎಂಬ ಎಮ್ಯುಲೇಟರ್ ಇತ್ತು, 2024ರ ಮಾರ್ಚಿನಲ್ಲಿ ಬಂದ್ ಆಯಿತು. ಅದರ ವಂಶದ ಅಜಹಾರ್ ಈಗ ಚಾಲ್ತಿಯಲ್ಲಿದೆ, ಆದರೆ ಅದಕ್ಕೆ ಗಟ್ಟಿ ಕಂಪ್ಯೂಟರ್ ಬೇಕು.

ಎಂಜಿಬಿಎಗೆ ಎಂಥ ಹಳೆಯ ಯಂತ್ರವಾದರೂ ಆದೀತು. ವಿಂಡೋಸ್ 7 ಇದ್ದರೂ ನಡೆಯುತ್ತದೆ, 32 ಬಿಟ್ ಆವೃತ್ತಿಯೂ ಸಿಗುತ್ತದೆ. ಮೆಲಾನ್‌ಡಿಎಸ್‌ಗೆ 64 ಬಿಟ್ ವಿಂಡೋಸ್ ಬೇಕೇ ಬೇಕು. ಪಿಎಸ್‌ಪಿ ಮಾತ್ರ ಗ್ರಾಫಿಕ್ಸ್ ಮೇಲೆ ನಿಂತಿದೆ.

ಇಳಿಸುವಾಗ

ಹುಡುಕಾಟದಲ್ಲಿ ಮೊದಲು ಕಾಣುವ ಜಾಹೀರಾತಿನ ಕೊಂಡಿ ಒತ್ತಬೇಡಿ. ಎಂಜಿಬಿಎ ಸಿಗುವುದು ಎಂಜಿಬಿಎ ಡಾಟ್ ಐಒದಲ್ಲಿ, ಪಿಪಿಎಸ್‌ಎಸ್‌ಪಿಪಿ ಸಿಗುವುದು ಅದೇ ಹೆಸರಿನ ಡಾಟ್ ಆರ್ಗ್‌ನಲ್ಲಿ. ಲಿನಕ್ಸ್ ಮಿಂಟ್ ಇದ್ದವರಿಗೆ ಇನ್ನೂ ಸುಲಭ: ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಹೆಸರು ಹುಡುಕಿ ಫ್ಲ್ಯಾಟ್‌ಪ್ಯಾಕ್ (ಉಳಿದ ಕಂಪ್ಯೂಟರಿನಿಂದ ಬೇಲಿ ಹಾಕಿಕೊಂಡು ಬರುವ ಕಟ್ಟು) ಆವೃತ್ತಿ ಹಾಕಿಕೊಂಡರೆ ಆಯಿತು. ಅಲ್ಲಿ ಬೇರೆ ಡ್ರೈವಿನಲ್ಲಿರುವ ಆಟದ ಫೋಲ್ಡರ್ ಕಾಣದೇ ಹೋದರೆ ಎಮ್ಯುಲೇಟರ್ ಕೆಟ್ಟಿದೆ ಎಂದು ತಿಳಿಯಬೇಡಿ. ಫ್ಲ್ಯಾಟ್‌ಪ್ಯಾಕ್‌ಗೆ ತನ್ನ ಬೇಲಿಯಾಚೆ ನೋಡುವ ಅನುಮತಿ ಇರುವುದಿಲ್ಲ. ಫ್ಲ್ಯಾಟ್‌ಸೀಲ್ ಎಂಬ ಸಾಧನದಿಂದ ಆ ಫೋಲ್ಡರಿಗೆ ಅನುಮತಿ ಕೊಡಿ, ಇಲ್ಲವೇ ಫೋಲ್ಡರನ್ನೇ ಹೋಮ್‌ಗೆ ತನ್ನಿ.

ವಿಂಡೋಸ್‌ನಲ್ಲಿ ಇನ್‌ಸ್ಟಾಲರ್ ಬದಲು ಪೋರ್ಟಬಲ್ ಕಟ್ಟನ್ನೇ, ಅಂದರೆ ಇನ್‌ಸ್ಟಾಲ್ ಮಾಡದೆ ಫೋಲ್ಡರಿನಿಂದಲೇ ಓಡುವುದನ್ನು, ಇಳಿಸಿ. ಎಂಜಿಬಿಎಯದು 7ಜೆಡ್ ಕಟ್ಟಾಗಿ ಬರುತ್ತದೆ, ವಿಂಡೋಸ್ 10ರಲ್ಲಿ ಬಿಚ್ಚಲು 7-ಜಿಪ್ ಬೇಕು. ಡಿ ಡ್ರೈವಿನಲ್ಲಿ ಒಂದು ಫೋಲ್ಡರ್ ಮಾಡಿ ಅಲ್ಲೇ ಬಿಚ್ಚಿ, ಮೆನುವಿನಲ್ಲಿ ‘ಮೇಕ್ ಪೋರ್ಟಬಲ್’ ಒತ್ತಿ. ಇನ್ನು ಸೆಟ್ಟಿಂಗ್ಸ್ ಎಲ್ಲ ಅದೇ ಫೋಲ್ಡರಿನಲ್ಲಿ ಉಳಿಯುತ್ತವೆ. ನಾಳೆ ಅಂಗಡಿಯವನು ವಿಂಡೋಸ್ ಹೊಸದಾಗಿ ಹಾಕಿ ಸಿ ಡ್ರೈವ್ ಒರೆಸಿದರೂ ನಿಮ್ಮದೇನೂ ಹೋಗುವುದಿಲ್ಲ. ಫೋಲ್ಡರಿನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ ಇರಲಿ. ಕನ್ನಡದಲ್ಲಿ ಹೆಸರಿಟ್ಟರೆ ಕೆಲ ಹಳೆಯ ಎಮ್ಯುಲೇಟರುಗಳಿಗೆ ದಾರಿ ಸಿಗುವುದಿಲ್ಲ.

ಆಟದ ಫೈಲು

ಎಮ್ಯುಲೇಟರ್ ಇಟ್ಟುಕೊಳ್ಳುವುದು ತಪ್ಪಲ್ಲ. ಆಟಕ್ಕೆ ಮಾತ್ರ ಹಕ್ಕುಸ್ವಾಮ್ಯ ಇದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಎಎ) ಕಲಮು, ನ್ಯಾಯವಾಗಿ ತನ್ನ ಬಳಿ ಇರುವ ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿ ಕಳೆದುಹೋಗದಂತೆ, ಕೆಡದಂತೆ ಬ್ಯಾಕಪ್ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಊರವರಿಗೆಲ್ಲ ಹಂಚಲು ಅಲ್ಲ.

ಮನೆಯಲ್ಲಿ ಗೇಮ್ ಬಾಯ್, ಕಲರ್ ಅಥವಾ ಅಡ್ವಾನ್ಸ್ ಕಾರ್ಟ್ರಿಜ್ ಇದ್ದರೆ ಅದನ್ನು ಓದಲು ಜಿಬಿಎಕ್ಸ್‌ಕಾರ್ಟ್‌ನಂಥ ಯುಎಸ್‌ಬಿ ರೀಡರ್ ಬೇಕು. ಜೊತೆಗೆ ಫ್ಲ್ಯಾಶ್‌ಜಿಬಿಎಕ್ಸ್ ಎಂಬ ಪುಕ್ಕಟೆ ತಂತ್ರಾಂಶ. ರೀಡರಿಗೆ ಸಿಕ್ಕಿಸುವ ಮೊದಲು ಹಿತ್ತಾಳೆ ಬಣ್ಣದ ಕಾಲುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸಿ. 99 ಶೇಕಡಾದ್ದು ಸಿಕ್ಕರೆ ಒಳ್ಳೆಯದು. ಔಷಧದ ಅಂಗಡಿಯಲ್ಲಿ ಸಿಗುವ 70 ಶೇಕಡಾದ್ದರಲ್ಲಿ ನೀರಿನ ಅಂಶ ಜಾಸ್ತಿ, ಅರ್ಧ ತಾಸು ಒಣಗಲು ಬಿಡಿ. ಬಾಯಿಂದ ಊದಬೇಡಿ, ಉಗುಳಿನ ತೇವಕ್ಕೆ ಕಾಲು ಕಿಲುಬು ಹಿಡಿಯುತ್ತದೆ. ಉಸುಕಿನ ಕಾಗದವಂತೂ ಬೇಡವೇ ಬೇಡ.

ಮೊದಲು ಸೇವ್ ತೆಗೆಯಿರಿ, ಆಮೇಲೆ ಆಟ. ಕಾರ್ಟ್ರಿಜ್ ಒಳಗಿನ ಬಟನ್ ಸೆಲ್ ಇವತ್ತೋ ನಾಳೆಯೋ ಎನ್ನುವಂತಿರುತ್ತದೆ, ಎಷ್ಟೋ ಹಳೆಯ ಆಟಗಳಲ್ಲಿ ಸೇವ್ ನಿಂತಿರುವುದೇ ಅದರ ಮೇಲೆ. ಆಟವನ್ನು ಎರಡು ಸಲ ಓದಿ ಚೆಕ್‌ಸಮ್ (ಫೈಲಿನಲ್ಲಿರುವುದನ್ನೆಲ್ಲ ಲೆಕ್ಕ ಹಾಕಿ ಬರುವ ಗುರುತಿನ ಸಂಖ್ಯೆ) ಹೋಲಿಸಿ. ಎರಡೂ ಬರೋಬರಿ ಒಂದೇ ಬಂದರೆ ಪ್ರತಿ ಸರಿಯಾಗಿದೆ. ಬೇರೆ ಬೇರೆ ಬಂದರೆ ಕಾಲು ಇನ್ನೂ ಕೊಳೆಯಾಗಿದೆ. ಪಿಎಸ್‌ಪಿಯ ಯುಎಂಡಿ ತಟ್ಟೆಗೆ ಬೇರೆ ರೀಡರ್ ಬೇಕಿಲ್ಲ. ಕಸ್ಟಮ್ ಫರ್ಮ್‌ವೇರ್ (ಸೋನಿಯದರ ಬದಲು ಹಾಕಿದ, ಬೇರೆಯವರು ತಿದ್ದಿದ ಒಳತಂತ್ರಾಂಶ) ಇರುವ ಪಿಎಸ್‌ಪಿಯಲ್ಲಿ ಯುಎಸ್‌ಬಿ ಡಿವೈಸ್ ಅನ್ನು ‘ಯುಎಂಡಿ ಡಿಸ್ಕ್’ ಎಂದು ಆರಿಸಿ ಕಂಪ್ಯೂಟರಿಗೆ ಜೋಡಿಸಿದರೆ ತಟ್ಟೆಯೇ ಒಂದು ಐಎಸ್‌ಒ ಫೈಲಾಗಿ ಕಾಣುತ್ತದೆ, ನಕಲು ಮಾಡಿಕೊಳ್ಳಬಹುದು.

ಕಾರ್ಟ್ರಿಜ್ ಇಲ್ಲದವರು ಮೊದಲ ಪರೀಕ್ಷೆಗೆ ತಯಾರಕರೇ ಪುಕ್ಕಟೆ ಬಿಟ್ಟಿರುವ ಆಟ ಬಳಸಿ. ಗೇಮ್ ಬಾಯ್‌ಗೆ ‘ತೋಬು ತೋಬು ಗರ್ಲ್’, ಗೇಮ್ ಬಾಯ್ ಕಲರ್‌ಗೆ ಊರು ಕಟ್ಟುವ ಆಟ ‘ಮೈಕ್ರೋಸಿಟಿ’, ಅಡ್ವಾನ್ಸ್‌ಗೆ ‘ಅಂಗುನಾ’. ಪಿಪಿಎಸ್‌ಎಸ್‌ಪಿಪಿಯ ಒಳಗೇ ‘ಹೋಮ್‌ಬ್ರೂ’, ಅಂದರೆ ಹವ್ಯಾಸಿಗಳು ಮಾಡಿದ, ಆಟಗಳ ಅಂಗಡಿ ಇದೆ, ಅಲ್ಲಿಂದ ನೇರ ಇಳಿಸಿಕೊಳ್ಳಬಹುದು.

ಇನ್ನೊಂದು ಗುರುತು: ಫೈಲಿನ ಗಾತ್ರ. ಗೇಮ್ ಬಾಯ್ ಆಟ 8 ಎಂಬಿ ದಾಟುವುದಿಲ್ಲ, ಅಡ್ವಾನ್ಸ್ ಆಟ 32 ಎಂಬಿ ದಾಟುವುದಿಲ್ಲ. ಎರಡು ಪದರದ ಯುಎಂಡಿಯ ಮಿತಿಯೇ 1.8 ಜಿಬಿ. ‘ಅಡ್ವಾನ್ಸ್ ಆಟ’ ಎಂದು 200 ಎಂಬಿಯ ಇಎಕ್ಸ್‌ಇ ಫೈಲ್ ಬಂದರೆ ಅದು ಆಟವಲ್ಲ, ಅದನ್ನು ಒತ್ತದೆ ಅಳಿಸಿ.

ಪರದೆ, ಗುಂಡಿ, ಸದ್ದು

ಹಳೆಯ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಕಾಣುವುದು 1366×768 ಪರದೆ. ಅಡ್ವಾನ್ಸ್‌ನ ಚಿತ್ರ 240×160. ಪೂರ್ತಿ ಪರದೆಗೆ ಎಳೆದರೆ 4.8 ಪಟ್ಟು ಆಗುತ್ತದೆ. ಒಂದು ಚುಕ್ಕೆ ಐದು ಸಾಲು ಹಿಡಿದರೆ ಪಕ್ಕದ್ದು ನಾಲ್ಕು ಹಿಡಿಯುತ್ತದೆ, ಅಕ್ಷರಗಳು ಒಂದು ದಪ್ಪ ಒಂದು ತೆಳ್ಳಗೆ ಕಾಣುತ್ತವೆ. ‘ಆಡಿಯೋ/ವಿಡಿಯೋ’ ಮೆನುವಿನಲ್ಲಿ ‘ಫೋರ್ಸ್ ಇಂಟಿಜರ್ ಸ್ಕೇಲಿಂಗ್’ ಹಾಕಿ. ಆಗ ಸರಿಯಾಗಿ ನಾಲ್ಕು ಪಟ್ಟು, 960×640. ಮೇಲೆ ಕೆಳಗೆ 64 ಚುಕ್ಕೆ, ಎಡಬಲ 203 ಚುಕ್ಕೆ ಕಪ್ಪು ಉಳಿಯುತ್ತದೆ, ಉಳಿಯಲಿ. ಡಿಎಸ್‌ನ ಎರಡು ಪರದೆಗಳನ್ನು ಒಂದರ ಮೇಲೊಂದು ಇಟ್ಟರೆ 256×384. ಅದರ ಎರಡು ಪಟ್ಟು ಎತ್ತರ ಕರಾರುವಾಕ್ಕಾಗಿ 768. ಯಾರೋ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ, ಆದರೆ ಫುಲ್‌ಸ್ಕ್ರೀನ್ ಮಾಡಿದಾಗ ಮಾತ್ರ.

ಎಂಜಿಬಿಎಯಲ್ಲಿ ಎಕ್ಸ್ ಕೀಲಿ ಎಂದರೆ ‘ಎ’ ಗುಂಡಿ, ಜೆಡ್ ಎಂದರೆ ‘ಬಿ’, ಎ ಕೀಲಿ ಕನ್ಸೋಲಿನ ಮೇಲಂಚಿನ ಎಡ ಗುಂಡಿ, ಎಸ್ ಬಲ ಗುಂಡಿ, ಎಂಟರ್ ಸ್ಟಾರ್ಟ್, ಬ್ಯಾಕ್‌ಸ್ಪೇಸ್ ಸೆಲೆಕ್ಟ್. ಟ್ಯಾಬ್ ಹಿಡಿದರೆ ಆಟ ಓಡೋಡಿ ಹೋಗುತ್ತದೆ. ಪಿಪಿಎಸ್‌ಎಸ್‌ಪಿಪಿಯಲ್ಲಿ ಅನಲಾಗ್ ಕಡ್ಡಿಗೆ ಐ, ಜೆ, ಕೆ, ಎಲ್. ಮೆಲಾನ್‌ಡಿಎಸ್‌ನಲ್ಲಿ ಕೀಲಿಗಳ ಜಾಗ ಖಾಲಿ ಕಂಡರೆ ‘ಇನ್‌ಪುಟ್ ಆ್ಯಂಡ್ ಹಾಟ್‌ಕೀಸ್’ಗೆ ಹೋಗಿ ನೀವೇ ತುಂಬಿ. ಅಲ್ಲೇ ‘ಮುಚ್ಚಳ ಮುಚ್ಚು’ ಮತ್ತು ‘ಮೈಕ್’ಗೂ ಒಂದೊಂದು ಕೀಲಿ ಕೊಡಿ. ಕೆಲವು ಡಿಎಸ್ ಒಗಟುಗಳು ಕನ್ಸೋಲನ್ನು ಮಡಚಿ ತೆರೆದರೆ ಮಾತ್ರ, ಇಲ್ಲವೇ ಮೈಕಿಗೆ ಊದಿದರೆ ಮಾತ್ರ ಬಿಡಿಸಿಕೊಳ್ಳುತ್ತವೆ. ಅದು ತಿಳಿಯದೆ ಆಟ ಸಿಕ್ಕಿಕೊಂಡಿತು ಎಂದು ಬಿಟ್ಟುಬಿಟ್ಟವರು ಬಹಳ. ಬಯಾಸ್ ಫೈಲು (ಕನ್ಸೋಲಿನೊಳಗೇ ಇರುವ ಮೂಲ ತಂತ್ರಾಂಶದ ಪ್ರತಿ) ಬೇಕೇ ಎಂದು ಕೇಳುವವರೂ ಬಹಳ: ಎಂಜಿಬಿಎ, ಈಗಿನ ಮೆಲಾನ್‌ಡಿಎಸ್, ಪಿಪಿಎಸ್‌ಎಸ್‌ಪಿಪಿ ಮೂರಕ್ಕೂ ಮಾಮೂಲಿ ಆಟಕ್ಕೆ ಬೇಕಿಲ್ಲ.

ಗುಂಡಿ ಒತ್ತಿದರೆ ಏನೂ ಆಗದಿದ್ದರೆ ಮೊದಲು ಕೆಳಗಿನ ಮೂಲೆ ನೋಡಿ, ಕೀಲಿಮಣೆ ಕನ್ನಡಕ್ಕೆ ತಿರುಗಿರಬಹುದು. ಇಂಗ್ಲಿಷಿಗೆ ತಂದರೆ ಸರಿಹೋಗುತ್ತದೆ. ಎರಡು ಬಾಣ ಮತ್ತು ಒಂದು ಗುಂಡಿ ಒಟ್ಟಿಗೆ ಒತ್ತಿದಾಗ ಮಾತ್ರ ಮೂರನೆಯದು ಬೀಳದಿದ್ದರೆ ಅದು ಕೀಲಿಮಣೆಯ ಮಿತಿ. ಅಗ್ಗದ ಕೀಲಿಮಣೆಯಲ್ಲಿ ಹಲವು ಕೀಲಿಗಳು ಒಂದೇ ತಂತಿ ಹಂಚಿಕೊಂಡಿರುತ್ತವೆ. ‘ಎ’, ‘ಬಿ’ ಗುಂಡಿಗಳನ್ನು ಬೇರೆ ಸಾಲಿನ ಕೀಲಿಗೆ ಬದಲಿಸಿ ನೋಡಿ.

ಸದ್ದು ಚಟಪಟ ಎಂದರೆ ಎಂಜಿಬಿಎಯ ಆಡಿಯೋ ಬಫರನ್ನು 2048ಕ್ಕೆ ಏರಿಸಿ. ಬ್ಲೂಟೂತ್ ಹೆಡ್‌ಫೋನಿನಲ್ಲಿ ಜಿಗಿದ ಮೇಲೆ ಸದ್ದು ಬರುತ್ತದೆ ಎಂದರೆ ಅದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಮದ್ದಿಲ್ಲ. ತಂತಿಯ ಹೆಡ್‌ಫೋನ್ ಹಾಕಿ.

ಸೇವ್: ಎರಡು ಬಗೆ, ಗೊಂದಲ ಒಂದೇ

ಆಟದ ಮೆನುವಿನಲ್ಲೇ ‘ಸೇವ್’ ಕೊಟ್ಟರೆ ಅದು ಕಾರ್ಟ್ರಿಜ್ ಸೇವ್. ಆಟದ ಫೈಲಿನ ಪಕ್ಕದಲ್ಲೇ, ಅದೇ ಹೆಸರಿನಲ್ಲಿ, ಡಾಟ್ ಎಸ್‌ಎವಿ ಬಾಲದೊಂದಿಗೆ ಕೂರುತ್ತದೆ. ಎಮ್ಯುಲೇಟರಿನಲ್ಲಿ ಶಿಫ್ಟ್ ಹಿಡಿದು ಎಫ್‌1 ಒತ್ತಿದರೆ ಆಗುವುದು ಸ್ಟೇಟ್. ಆ ಕ್ಷಣದ ಮೆಮೊರಿಯನ್ನು ಇದ್ದಂತೆಯೇ ಹೆಪ್ಪುಗಟ್ಟಿಸಿ ಇಟ್ಟದ್ದು ಅದು. ಬರೀ ಎಫ್‌1 ಒತ್ತಿದರೆ ಮರಳಿ ಆ ಕ್ಷಣಕ್ಕೆ ಹೋಗುತ್ತೀರಿ. ಹೀಗೆ ಒಂಬತ್ತು ಖಾನೆಗಳಿವೆ. ಪಿಪಿಎಸ್‌ಎಸ್‌ಪಿಪಿಯಲ್ಲಿ ಎಫ್‌2 ಇಡಲು, ಎಫ್‌4 ತೆಗೆಯಲು, ಎಫ್‌3 ಖಾನೆ ಬದಲಿಸಲು.

ಸ್ಟೇಟ್ ಅನುಕೂಲ, ಆದರೆ ನಂಬುವಂಥದ್ದಲ್ಲ. ಎಮ್ಯುಲೇಟರಿನ ಆವೃತ್ತಿ ಬದಲಾದರೆ ಹಳೆಯ ಸ್ಟೇಟ್ ತೆರೆಯದೆ ಹೋಗಬಹುದು, ಬೇರೆ ಎಮ್ಯುಲೇಟರಿಗಂತೂ ಅದು ಅರ್ಥವೇ ಆಗದು. ಡಾಟ್ ಎಸ್‌ಎವಿ ಫೈಲನ್ನು ಬಹುತೇಕ ಎಲ್ಲ ಎಮ್ಯುಲೇಟರುಗಳೂ ಓದುತ್ತವೆ, ರೀಡರ್ ಮೂಲಕ ನಿಜವಾದ ಕಾರ್ಟ್ರಿಜ್‌ಗೂ ಮರಳಿ ತುಂಬಬಹುದು.

ಈಗ ಕಳೆದುಕೊಳ್ಳುವ ದಾರಿಗಳನ್ನು ನೋಡಿ. ಸೋಮವಾರ ಒಂದು ಸ್ಟೇಟ್ ಇಟ್ಟಿರಿ. ಮಂಗಳವಾರ, ಬುಧವಾರ ಆಡಿ ಆಟದೊಳಗೇ ಸೇವ್ ಮಾಡಿದಿರಿ. ಗುರುವಾರ ಬೆರಳು ತಪ್ಪಿ ಸೋಮವಾರದ ಸ್ಟೇಟ್ ತೆರೆಯಿತು, ನೀವು ಗಮನಿಸದೆ ಮತ್ತೆ ಆಟದೊಳಗೆ ಸೇವ್ ಕೊಟ್ಟಿರಿ. ಎರಡು ದಿನದ ಆಟ ಅಲ್ಲಿಗೆ ಅಳಿಸಿತು. ಎಂಜಿಬಿಎಯ ಸೆಟ್ಟಿಂಗ್ಸ್‌ನಲ್ಲಿ ಸ್ಟೇಟ್ ತೆಗೆಯುವಾಗ ‘ಸೇವ್ ಗೇಮ್’ ಕೂಡ ತರಬೇಕೇ ಎಂಬ ಚೌಕವಿದೆ. ಅದರಲ್ಲಿ ಗುರುತು ಇರಕೂಡದು. ಗುರುತು ಇದ್ದರೆ ನೀವು ಸೇವ್ ಕೊಡುವ ಮೊದಲೇ ಹಳೆಯದು ಹೊಸದರ ಮೇಲೆ ಬಂದು ಕೂರುತ್ತದೆ.

ಎರಡನೆಯ ದಾರಿ, ಆಟದ ಫೈಲಿನ ಹೆಸರು ಬದಲಿಸುವುದು. ಉದ್ದ ಹೆಸರು ಚೆಂದ ಕಾಣುವುದಿಲ್ಲ ಎಂದು ಚಿಕ್ಕದು ಮಾಡುತ್ತೀರಿ, ಮರುದಿನ ಆಟ ಮೊದಲಿನಿಂದ ಶುರುವಾಗುತ್ತದೆ. ಸೇವ್ ಎಲ್ಲೂ ಹೋಗಿಲ್ಲ, ಹಳೆಯ ಹೆಸರಿನಲ್ಲೇ ಕೂತಿದೆ. ಅದಕ್ಕೂ ಅದೇ ಹೊಸ ಹೆಸರು ಕೊಡಿ, ಆದರೆ ಆಟವನ್ನು ಬಂದ್ ಮಾಡಿಕೊಂಡೇ ಕೊಡಿ.

ಮೂರನೆಯದು ಸೇವ್‌ನ ಬಗೆ ತಪ್ಪುವುದು. ಅಡ್ವಾನ್ಸ್ ಕಾರ್ಟ್ರಿಜ್‌ಗಳಲ್ಲಿ 512 ಬೈಟ್ ಅಥವಾ 8 ಕೆಬಿಯ ಈಪ್ರಾಮ್, 32 ಕೆಬಿಯ ಎಸ್‌ರ‍್ಯಾಮ್, 64 ಅಥವಾ 128 ಕೆಬಿಯ ಫ್ಲ್ಯಾಶ್ ಹೀಗೆ ಸೇವ್ ಹಿಡಿದಿಡುವ ಚಿಪ್ಪುಗಳು ಬೇರೆ ಬೇರೆ ಬಗೆಯವು ಇದ್ದವು. ಯಾವ ಆಟಕ್ಕೆ ಯಾವುದು ಎಂದು ಎಮ್ಯುಲೇಟರ್ ಊಹಿಸಬೇಕು. ಹಳೆಯ ವಿಷುಯಲ್‌ಬಾಯ್‌ಅಡ್ವಾನ್ಸ್ ಪೋಕೆಮಾನ್ ಆಟಗಳಿಗೆ 64 ಕೆಬಿ ಎಂದು ಹಿಡಿಯುತ್ತಿತ್ತು, ಆಟ ಕೇಳುತ್ತಿದ್ದುದು 128. ‘1ಎಂ ಸರ್ಕ್ಯೂಟ್ ಬೋರ್ಡ್ ಅಳವಡಿಸಿಲ್ಲ’ ಎಂಬ ವಿಚಿತ್ರ ಸಂದೇಶ ಬರುತ್ತಿದ್ದುದು ಇದರಿಂದಲೇ. ಎಂಜಿಬಿಎ ಇದನ್ನು ತಾನೇ ಗುರುತಿಸುತ್ತದೆ. ಯಾರೋ ತಿದ್ದಿ ಮಾಡಿದ ಆಟಗಳಲ್ಲಿ ಮಾತ್ರ ಎಡವಬಹುದು. ಆಗ ‘ಟೂಲ್ಸ್’ನ ‘ಗೇಮ್ ಓವರ್‌ರೈಡ್ಸ್’ಗೆ ಹೋಗಿ ಸೇವ್ ಬಗೆಯನ್ನು ಫ್ಲ್ಯಾಶ್ 128 ಕೆಬಿ ಎಂದು ಆರಿಸಿ, ಆಟದಲ್ಲಿ ಗಡಿಯಾರ ಇದ್ದರೆ ‘ರಿಯಲ್ ಟೈಮ್ ಕ್ಲಾಕ್’ ಗುರುತು ಹಾಕಿ. ಇದನ್ನು ಮೊದಲ ದಿನವೇ ಮಾಡಿ. ಹತ್ತು ತಾಸು ಆಡಿದ ಮೇಲೆ ಬಗೆ ಬದಲಿಸಿದರೆ ಇದ್ದ ಸೇವ್ ಕೆಡಬಹುದು.

ನಾಲ್ಕನೆಯದು ಕರೆಂಟು. ತೋಟದ ಮನೆಗಳಲ್ಲಿ ತ್ರೀಫೇಸ್‌ನಿಂದ ಸಿಂಗಲ್ ಫೇಸ್‌ಗೆ ಬದಲಾಗುವಾಗ ಒಂದು ಕ್ಷಣ ಕತ್ತಲಾಗುತ್ತದೆ. ಬಲ್ಬು ಮಿಣಕ್ ಎನ್ನುವಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿರುತ್ತದೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪಿನದೂ ಅದೇ ಪಾಡು. ಸೇವ್ ಫೈಲು ಮೆಮೊರಿಯಿಂದ ಡಿಸ್ಕಿಗೆ ಇಳಿಯುವ ಮುಂಚೆ ಕರೆಂಟ್ ಹೋದರೆ ಒಳಗೆಲ್ಲ ಸೊನ್ನೆ ತುಂಬಿದ ಖಾಲಿ ಫೈಲು ಉಳಿಯಬಹುದು. ಗಾತ್ರ ಸರಿಯಾಗೇ ಕಾಣುವುದರಿಂದ ನೋಡಿದರೆ ಗೊತ್ತಾಗುವುದೂ ಇಲ್ಲ. ಇನ್ವರ್ಟರಿನಲ್ಲಿ ‘ಯುಪಿಎಸ್ ಮೋಡ್’ ಸ್ವಿಚ್ ಇದ್ದರೆ ಅದಕ್ಕೆ ಹಾಕಿಡಿ. ಇನ್ನೊಂದು ಮೋಡಿನಲ್ಲಿ ಬ್ಯಾಟರಿಗೆ ಬದಲಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ, ಫ್ಯಾನಿಗೆ ಅದು ನಡೆದೀತು, ಕಂಪ್ಯೂಟರಿಗಲ್ಲ. ಆಟದೊಳಗೆ ಸೇವ್ ಕೊಟ್ಟ ಕೂಡಲೇ ಕಿಟಕಿ ಮುಚ್ಚಬೇಡಿ, ಐದಾರು ಸೆಕೆಂಡು ಬಿಡಿ.

ಇದಕ್ಕೆಲ್ಲ ಮದ್ದು ಒಂದೇ, ನಕಲು. ಅಡ್ವಾನ್ಸ್ ಸೇವ್ ಹೆಚ್ಚೆಂದರೆ 128 ಕೆಬಿ. ನೂರು ಆಟದ ಸೇವ್ ಸೇರಿದರೂ 13 ಎಂಬಿ ಆಗುವುದಿಲ್ಲ, ಮದುವೆಯ ಎರಡು ಫೋಟೋಗಿಂತ ಜಾಸ್ತಿಯಲ್ಲ. ವಾರಕ್ಕೊಮ್ಮೆ ಡಾಟ್ ಎಸ್‌ಎವಿ ಫೈಲುಗಳನ್ನಷ್ಟೇ ಆರಿಸಿ ಪೆನ್‌ಡ್ರೈವಿಗೆ ಹಾಕಿ. ಹಳೆಯ ನಕಲಿನ ಮೇಲೆ ಹೊಸದನ್ನು ಬರೆಯದೆ ತಾರೀಖಿನ ಹೆಸರಿನ ಫೋಲ್ಡರಿನಲ್ಲಿಡಿ, ಕೆಟ್ಟ ಫೈಲು ಒಳ್ಳೆಯದನ್ನು ನುಂಗಬಾರದು. ಪಿಎಸ್‌ಪಿಯದು ‘ಮೆಮ್‌ಸ್ಟಿಕ್’ ಒಳಗೆ ‘ಪಿಎಸ್‌ಪಿ’, ಅದರೊಳಗೆ ‘ಸೇವ್‌ಡೇಟಾ’. ಆ ಫೋಲ್ಡರನ್ನು ಇಡಿಯಾಗಿ ನಕಲಿಸಿ.

ಪಿಎಸ್‌ಪಿ ಆಟ ತೆವಳಿದರೆ

ಮೊದಲ ನಿಮಿಷದಿಂದಲೇ ನಿಧಾನವಿದ್ದರೆ ಅದು ಸೆಟ್ಟಿಂಗ್ಸ್. ಹದಿನೈದು ನಿಮಿಷ ಚೆನ್ನಾಗಿ ಓಡಿ ಆಮೇಲೆ ನಿಧಾನವಾದರೆ ಅದು ಬಿಸಿ. ಈ ವ್ಯತ್ಯಾಸ ತಿಳಿಯದೆ ದಿನಗಟ್ಟಲೆ ಸೆಟ್ಟಿಂಗ್ಸ್ ಕೆದಕುವವರಿದ್ದಾರೆ. ವಿಜಯಪುರ, ಬಾಗಲಕೋಟೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಕೋಣೆಯೇ ಕಾದಿರುತ್ತದೆ. ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಗಾದಿಯ ಮೇಲಿಟ್ಟರೆ ಗಾಳಿಕಿಂಡಿ ಮುಚ್ಚುತ್ತದೆ, ಮಣೆಯ ಮೇಲಿಡಿ. ಎರೆಮಣ್ಣಿನ ನುಣುಪು ಧೂಳು ಫ್ಯಾನಿನ ಹಿಂದಿನ ಜಾಲರಿಗೆ ಬಟ್ಟೆಯ ಹಾಗೆ ಅಂಟಿಕೊಂಡಿರುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿಸಿ ತೆಗೆಸಿ.

ಸೆಟ್ಟಿಂಗ್ಸ್‌ಗೆ ಬಂದರೆ, ರೆಂಡರಿಂಗ್ ರೆಸಲ್ಯೂಶನ್ ‘2×’ ಸಾಕು. ಅದು 960×544. 3× ಎಂದರೆ 1440×816, ನಿಮ್ಮ ಪರದೆಗಿಂತ ದೊಡ್ಡದು, ಅಷ್ಟು ದುಡಿಸಿ ಸಿಗುವುದು ಅಲ್ಪ. 2× ಕೂಡ ಭಾರವಾದರೆ 1×. ಚಿತ್ರ ಬಿಡಿಸುವ ದಾರಿಯನ್ನೂ (ಬ್ಯಾಕೆಂಡ್) ಆರಿಸಬೇಕು: ಹಳೆಯ ಇಂಟೆಲ್ ಗ್ರಾಫಿಕ್ಸ್‌ನಲ್ಲಿ ವಲ್ಕನ್ ಇರುವುದಿಲ್ಲ, ಡೈರೆಕ್ಟ್3ಡಿ 11 ಅಥವಾ ಓಪನ್‌ಜಿಎಲ್ ಆರಿಸಿ. ‘ಟೆಕ್ಸ್ಚರ್ ಅಪ್‌ಸ್ಕೇಲಿಂಗ್’ ಬಂದ್ ಮಾಡಿ, ಪ್ರೊಸೆಸರನ್ನು ಹಿಂಡುವುದು ಅದೇ. ಫ್ರೇಮ್‌ಸ್ಕಿಪ್ (ನಡುನಡುವೆ ಚಿತ್ರ ಬಿಡಿಸದೆ ಹಾರಿಸುವುದು) 1ರವರೆಗೆ ಸಹಿಸಬಹುದು. ‘ಸ್ಕಿಪ್ ಬಫರ್ ಎಫೆಕ್ಟ್ಸ್’ ಹಾಕಿದರೆ ವೇಗ ಸಿಗುತ್ತದೆ, ಆದರೆ ಎಷ್ಟೋ ಆಟಗಳಲ್ಲಿ ಪರದೆ ಕಪ್ಪಾಗುತ್ತದೆ. ಚಾರ್ಜರ್ ಸಿಕ್ಕಿಸಿ ಪವರ್ ಪ್ಲಾನನ್ನು ‘ಬೆಸ್ಟ್ ಪರ್ಫಾರ್ಮನ್ಸ್’ಗೆ ತರುವುದನ್ನು ಇವೆಲ್ಲಕ್ಕಿಂತ ಮೊದಲು ಮಾಡಿ. ಮೆಲಾನ್‌ಡಿಎಸ್ ನಿಧಾನವಾದರೆ ಸೆಟ್ಟಿಂಗ್ಸ್‌ನಲ್ಲಿ ವೇಗ ಹೆಚ್ಚಿಸುವ ‘ಜೆಐಟಿ’ ಎಂಬ ಆಯ್ಕೆ ಹಾಕಿ.

ಆಡುವುದು ಸಾಕಾಯಿತು ಎಂದರೆ

ಜಿಬಿ ಸ್ಟುಡಿಯೋ ಎಂಬ ಪುಕ್ಕಟೆ ಸಾಧನದಲ್ಲಿ ಗೇಮ್ ಬಾಯ್ ಆಟ ನೀವೇ ಮಾಡಬಹುದು, ಪ್ರೋಗ್ರಾಮಿಂಗ್ ಬರಬೇಕೆಂದಿಲ್ಲ. ಕನ್ನಡದಲ್ಲಿ ಮಾಡಹೊರಟರೆ ಒಂದು ತೊಡಕು. ಗೇಮ್ ಬಾಯ್ ಎಲ್ಲವನ್ನೂ 8×8 ಚುಕ್ಕೆಯ ಬಿಲ್ಲೆಗಳಲ್ಲಿ ಬಿಡಿಸುತ್ತದೆ. ‘A’ಯಂಥ ಅಕ್ಷರಕ್ಕೆ ಅಷ್ಟು ಸಾಕು, ‘ಕ್ಷ್ಮೀ’ಗೆ ಸಾಲದು. ಒತ್ತಕ್ಷರ ಕೆಳಗಿಳಿಯಲು ಇನ್ನೊಂದು ಬಿಲ್ಲೆ ಬೇಕು. ಹಾಗಾಗಿ ಮಾತನ್ನು ಅಕ್ಷರವಾಗಿ ಟೈಪ್ ಮಾಡದೆ ಹಿನ್ನೆಲೆಯ ಚಿತ್ರವಾಗಿ ಬಿಡಿಸಿ, ಸಾಲಿಗೆ 16 ಚುಕ್ಕೆ ಎತ್ತರ ಕೊಟ್ಟು. ಇಡೀ ಪರದೆಗೆ 20×18, ಅಂದರೆ 360 ಬಿಲ್ಲೆ ಹಿಡಿಯುತ್ತವೆ, ಆದರೆ ಕಪ್ಪು-ಬಿಳುಪು ಆಟದ ಒಂದು ದೃಶ್ಯದಲ್ಲಿ ಬೇರೆ ಬೇರೆ ಬಿಲ್ಲೆಗಳು 192ಕ್ಕಿಂತ ಹೆಚ್ಚು ಇರುವಂತಿಲ್ಲ. ಬನಶಂಕರಿ ತೇರಿನ ಚಿತ್ರ ಬಿಡಿಸುವುದಾದರೆ ಎರಡು ಗಾಲಿಗೂ ಅದೇ ಬಿಲ್ಲೆಗಳು, ಆಕಾಶಕ್ಕೆಲ್ಲ ಒಂದೇ ಬಿಲ್ಲೆ. ಹಾಗೆ ಉಳಿಸಿದ್ದನ್ನು ಕೆಳಗಿನ ಎರಡು ಸಾಲು ಕನ್ನಡಕ್ಕೆ ಖರ್ಚು ಮಾಡಿ. ಆಟವನ್ನು ROM ಫೈಲಾಗಿ, ಅಂದರೆ ಎಮ್ಯುಲೇಟರ್ ತೆರೆಯುವ ಆಟದ ಫೈಲಾಗಿ ಹೊರತೆಗೆದು ಎಂಜಿಬಿಎಯಲ್ಲಿ ತೆರೆಯಿರಿ. ಚಿತ್ರ ಕೆಟ್ಟು ಕಂಡರೆ ಬಿಲ್ಲೆಗಳು 192 ದಾಟಿವೆಯೇ ನೋಡಿ, ಬಿಲ್ಲೆ ಉಳಿಯುವಂತೆ ಸಾಲುಗಳನ್ನು ಎಂಟರ ಗುಣಕಕ್ಕೆ ಸರಿಸಿ ಮತ್ತೊಮ್ಮೆ ಹೊರತೆಗೆಯಿರಿ.